ಎಲ್ಲರಿಗೂ ಒಂದೇ ಸ್ಕ್ರಿಪ್ಟ್

ನಮ್ಮ ಆಫೀಸಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ತಕರಾರಪ್ಪ ಎಂದರೆ ಸಾಕು, ತಿರುಗಿ ನೋಡುತ್ತಾನೆ. ಆ ಹೆಸರಿಟ್ಟವಳು ನಾನೇ, ಸುಮ್ಮನೆ ಇಟ್ಟದ್ದಲ್ಲ.

ಮೊದಲು ನಮ್ಮಲ್ಲಿ ಪ್ರತಿ ಪ್ರಾಜೆಕ್ಟಿಗೂ ಅದರದೇ ಬಿಲ್ಡ್ ಸ್ಕ್ರಿಪ್ಟ್ ಇತ್ತು. ಬರೆದ ಕೋಡನ್ನೆಲ್ಲ ಒಟ್ಟುಗೂಡಿಸಿ, ಪರೀಕ್ಷಿಸಿ, ಗ್ರಾಹಕರಿಗೆ ಕಳಿಸುವ ಹಾಗೆ ಕಟ್ಟಿಕೊಡುವುದು ಅದರ ಕೆಲಸ. ಎಲ್ಲವೂ ಒಂದರಿಂದ ಇನ್ನೊಂದಕ್ಕೆ ಕಾಪಿ ಹೊಡೆದವು. ಒಂದರಲ್ಲಿ ತಪ್ಪು ಸಿಕ್ಕರೆ ಉಳಿದವುಗಳಲ್ಲೂ ಹುಡುಕಿ ತಿದ್ದಬೇಕು, ಯಾರೂ ತಿದ್ದುತ್ತಿರಲಿಲ್ಲ. ನನಗೆ ತಲೆಕೆಟ್ಟು ಎಲ್ಲವನ್ನೂ ಕಿತ್ತುಹಾಕಿ ಒಂದೇ ಸ್ಕ್ರಿಪ್ಟ್ ಮಾಡಿದೆ. ಎಲ್ಲ ತಂಡಗಳೂ ಅದನ್ನೇ ಬಳಸಬೇಕು, ಯಾರೂ ಕಾಪಿ ಇಟ್ಟುಕೊಳ್ಳಬಾರದು, ನನ್ನ ಒಪ್ಪಿಗೆಯಿಲ್ಲದೆ ಅದರಲ್ಲಿ ಒಂದಕ್ಷರವೂ ಬದಲಾಗಬಾರದು ಎಂದು ನಿಯಮವನ್ನೂ ಮಾಡಿದೆ.

ತಕರಾರಪ್ಪ ಮೊದಲ ದಿನವೇ ಅಡ್ಡಬಾಯಿ ಹಾಕಿದ. "ನಿನಗೊಂದು ದಿನ ಜ್ವರ ಬಂದ್ರೆ ನಾವೆಲ್ಲ ಕೈಕಟ್ಟಿ ಕೂತ್ಕೋಬೇಕಾ?"

"ನನಗೆ ಜ್ವರ ಬರಲ್ಲ" ಎಂದೆ.

ಬರಲೂ ಇಲ್ಲ. ಕಾಯಿಲೆ ಬಂದದ್ದು ಅಮ್ಮನಿಗೆ. ಗಂಟಲಲ್ಲಿ ಗಡ್ಡೆ. ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ ಎಂದರು ಡಾಕ್ಟರು. ನಮ್ಮಮ್ಮನಿಗೋ ಮಾತೇ ಊಟ. ತರಕಾರಿ ತರಲು ಹೋದರೆ ಅಂಗಡಿಯವನ ಮನೆಯ ಕಥೆಯನ್ನೆಲ್ಲ ಹೊತ್ತು ತರುವವಳು. ದನಿ ಒಡೆದು ಗೊಗ್ಗರಾದ ಮೇಲೂ ನಿಲ್ಲಿಸಿರಲಿಲ್ಲ. ಆಪರೇಷನ್ನಿಗೆ ಮುಂಚೆ ಪಕ್ಕದಲ್ಲಿ ಕೂತು ಆ ದನಿಯನ್ನು ಕಿವಿತುಂಬ ಕೇಳಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಆಫೀಸಿನಲ್ಲಿ ಯಾರಿಗೂ ಏನೂ ಹೇಳದೆ ರಜೆ ಹಾಕಿದೆ.

ಅವತ್ತು ಬೆಳಿಗ್ಗೆ ನರ್ಸ್ ಅಮ್ಮನನ್ನು ಸಿದ್ಧಮಾಡುತ್ತಿದ್ದಳು, ನಾನು ಹೊರಗೆ ಕಾರಿಡಾರಿನಲ್ಲಿದ್ದೆ. ಫೋನ್ ಒಂದೇ ಸಮನೆ ಬಡಿದುಕೊಂಡಿತು. ನಮ್ಮ ಸ್ಕ್ರಿಪ್ಟ್ ಬಳಸುವ ಒಂದು ಟೂಲನ್ನು ಅದರ ಮಾಲೀಕರು ನಿಲ್ಲಿಸಿಬಿಟ್ಟಿದ್ದರು. ಒಂದು ಪ್ರಾಜೆಕ್ಟೂ ಬಿಲ್ಡ್ ಆಗುತ್ತಿಲ್ಲ. ತಕರಾರಪ್ಪನ ತಂಡದ್ದು ರಕ್ತನಿಧಿಯ ಸಾಫ್ಟ್‌ವೇರ್. ಅದರ ತಿದ್ದುಪಡಿ ಅಂದೇ ಹೋಗಬೇಕು. ಬೇಕಾದ ಬದಲಾವಣೆ ಬರೆದು ನನ್ನ ಒಪ್ಪಿಗೆಗೆ ಕಳಿಸಿದ್ದ. ಅದೋ ಮಾರುದ್ದ ಇತ್ತು. ಓದದೆ ಒಪ್ಪುವ ಜಾಯಮಾನ ನನ್ನದಲ್ಲ. ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಅರ್ಧ ಓದುವಷ್ಟರಲ್ಲಿ ನರ್ಸ್ ಬಂದಳು.

"ನಿಮ್ಮಮ್ಮ ನಿಮ್ಮನ್ನೇ ಕೇಳ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಕರ್ಕೊಂಡು ಹೋಗ್ತೀವಿ."

ಅವನಿಗೆ ಫೋನ್ ಮಾಡಿ, "ಸ್ವಲ್ಪ ತಡಿ, ಓದ್ತಿದ್ದೀನಿ" ಎಂದೆ. ನನ್ನ ದನಿ ಕೇಳಿಯೇ ಅವನಿಗೆ ಅನುಮಾನ ಬಂತು.

"ಎಲ್ಲಿದ್ದೀಯ?"

"ಆಸ್ಪತ್ರೇಲಿ. ಅಮ್ಮಂಗೆ ಗಂಟಲಿನ ಆಪರೇಷನ್. ಆಮೇಲೆ ಅವಳಿಗೆ ಮಾತು ಬರಲ್ಲ."

ಅವನು ತಕ್ಷಣ ಅಂದ: "ಲ್ಯಾಪ್‌ಟಾಪ್ ಮುಚ್ಚು. ಎಲ್ಲ ತಂಡದವರೂ ಒಂದೊಂದು ಕಾಪಿ ಮಾಡ್ಕೊಂಡು ಅದರಲ್ಲೇ ತಿದ್ಕೊಳ್ತೀವಿ. ನಿನ್ನ ನಿಯಮ ಮುರೀತೀವಿ. ಬಂದ್ಮೇಲೆ ಎಷ್ಟು ಬೇಕೋ ಅಷ್ಟು ಬೈಯಿ. ಈಗ ಹೋಗು ತಾಯಿ."

ಹೋದೆ. ತಕರಾರಪ್ಪನೇ ಕಳಿಸಿದ ಎಂದು ಹೇಳಿದೆ. ಅಮ್ಮ ಮಾತಾಡಿದಳು. ಹಸಿರು ಸೀರೆ ಇಸ್ತ್ರಿಗೆ ಕೊಟ್ಟದ್ದು, ಪಕ್ಕದ ಹಾಸಿಗೆಯವಳ ಸೊಸೆಯ ಬಿಂಕ, ಚಿಕ್ಕಂದಿನಲ್ಲಿ ನಾನು ಹಲ್ಲು ಕಟಕಟ ಕಡಿಯುತ್ತಿದ್ದದ್ದು, ಎಲ್ಲ ಬಂತು. "ಇನ್ಮೇಲೆ ನೀನು ರೇಗಿದ್ರೆ ನಾನು ತಿರುಗಿ ಬೈಯೋಕೂ ಆಗಲ್ಲ. ಸುಖ ಬಿಡು ನಿನಗೆ" ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಎಲ್ಲಿ ಕಾಯಬೇಕೆಂದು ಹೇಳಲು ನರ್ಸ್ ನನ್ನನ್ನು ಬಾಗಿಲಾಚೆ ಕರೆದಳು. ಹಾಸಿಗೆಯ ಮೇಲೆ ಬಿಟ್ಟಿದ್ದ ಫೋನ್ ಮತ್ತೆ ಬಡಿದುಕೊಂಡಾಗ ಅಮ್ಮನೇ ಎತ್ತಿಕೊಂಡಳು. ನಾನು ಒಳಗೆ ಬರುವಾಗ ಮಾತು ಮುಗಿದಿತ್ತು. ಯಾರಮ್ಮ ಎಂದು ಕೇಳಿದರೆ ಕೆನ್ನೆ ತಟ್ಟಿ ನಕ್ಕಳು, ಅಷ್ಟೇ. ಟ್ರಾಲಿ ಹೊರಟಿತು. ಆಮೇಲೆ ಫೋನ್ ನೋಡಿದರೆ ಅದು ತಕರಾರಪ್ಪನ ಕರೆ.

ಅಮ್ಮ ಗೆದ್ದು ಬಂದಳು. ಈಗ ಸ್ಲೇಟಿನ ಮೇಲೆ ಬರೆದು ಬೈಯುತ್ತಾಳೆ.

ನಾನು ಆಫೀಸಿಗೆ ಮರಳಿದಾಗ ಒಂದು ಕಾಪಿಯೂ ಉಳಿದಿರಲಿಲ್ಲ; ಅಂದು ಬೆಳಿಗ್ಗೆಯೇ ಎಲ್ಲ ತಂಡದವರೂ ತಮ್ಮ ತಮ್ಮದನ್ನು ಅಳಿಸಿಹಾಕಿದ್ದರು. ತಕರಾರಪ್ಪ ಬರೆದ ಬದಲಾವಣೆ ನನ್ನ ಒಪ್ಪಿಗೆಗೆ ಕಾದಿತ್ತು, ನಾನು ಹೂಂ ಎಂದರೆ ಸಾಕು ಎನ್ನುವ ಹಾಗೆ ಎಲ್ಲರೂ ಅಣಿಮಾಡಿಟ್ಟಿದ್ದರು. ಹೊಟ್ಟೆಕಿಚ್ಚಿಗೆ ಒಂದು ತಪ್ಪಾದರೂ ಸಿಗಬಾರದೇ ಎಂದು ಹುಡುಕಿದೆ; ಸಿಗಲಿಲ್ಲ. ಒಪ್ಪಿದೆ. ಒಪ್ಪಿಗೆ ಕೊಡುವ ಅಧಿಕಾರವನ್ನು ತಕರಾರಪ್ಪನಿಗೂ ಕೊಟ್ಟೆ. ಆಮೇಲೆ ಅವನ ಮೇಜಿನ ಹತ್ತಿರ ಹೋದೆ.

"ಅವತ್ತು ಅಮ್ಮ ನಿನ್ನ ಹತ್ರ ಏನಂದ್ಲು?"

ಅವನು ಕುರ್ಚಿ ತಿರುಗಿಸಿದ. "ಕೆಲಸ ಆಯ್ತು ಅಂತ ಹೇಳೋಕೆ ಫೋನ್ ಮಾಡಿದ್ದೆ. ಅವರು, 'ನೀನೇನಾ ತಕರಾರಪ್ಪ' ಅಂದ್ರು. 'ನನ್ನ ಮಗಳು ಸಿಡುಕಿ. ಯಾರು ಏನು ಮಾಡಿದ್ರೂ ಮರೆಯಲ್ಲ, ಆದ್ರೆ ಬಾಯಿಬಿಟ್ಟು ಹೇಳಲ್ಲ. ಅವಳನ್ನ ನನ್ನ ಹತ್ರ ಕಳಿಸ್ದೆಯಲ್ಲ, ದನಿ ಇರುವಾಗ್ಲೇ ನಾನೇ ಹೇಳಿಬಿಡ್ತೀನಿ. ಚೆನ್ನಾಗಿರಪ್ಪ' ಅಂದ್ರು."

ಅಮ್ಮನ ದನಿಯಲ್ಲಿ ಬಂದ ಕೊನೆಯ ಮಾತು ಅದು. ಕೇಳಿದವನು ಅವನೊಬ್ಬನೇ.

"ಥ್ಯಾಂಕ್ಸ್ ಕಣೋ" ಎಂದೆ. ಸರಿಯಾಗಿ ಹೊರಡಲಿಲ್ಲ, ಇನ್ನೊಮ್ಮೆ ಹೇಳಿದೆ. ನಂತರ ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. "ಅಮ್ಮ ಹೇಗೆ ಹೇಳಿದ್ಲೋ ಹಾಗೇ ಇನ್ನೊಂದ್ಸಲ ಹೇಳು."

ತಕರಾರಪ್ಪ ತಕರಾರು ಮಾಡಲಿಲ್ಲ. ಅಮ್ಮ ಉಸಿರಿಗಾಗಿ ಎಲ್ಲೆಲ್ಲಿ ನಿಂತಿದ್ದಳೋ ಅಲ್ಲೆಲ್ಲ ನಿಂತು, ಮೊದಲಿನಿಂದ ಹೇಳಿದ.