ಐದನೆಯ ಪಿತ್ತ

ಮೀನು ಐದು, ಪಿತ್ತದ ಚೀಲ ನಾಲ್ಕು. ಅಫ್ರೀನ ತೆಂಗಿನ ಕರಟದೊಳಗೆ ಕಡ್ಡಿ ಆಡಿಸಿ ಇನ್ನೊಮ್ಮೆ ಎಣಿಸಿದಳು. ದ್ರಾಕ್ಷಿಯಂಥ ನಾಲ್ಕು ಕಡುಹಸಿರು ಚೀಲಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಐದನೆಯದು ಇರಲಿಲ್ಲ.

ರಂಜಾನ್ ಕಳೆದು ಎರಡನೆಯ ಭಾನುವಾರ ಅದು. 2007ರ ಮಳೆಗೆ ಸೂಡಿಯ ಕೆರೆ ತುಂಬಿತ್ತು. ಗಂಡ ಸಾಜೀದ ನಸುಕಿನಲ್ಲೇ ಬಲೆ ಹಿಡಿದು ಹೋಗಿ, ಒಂದೊಂದೂ ಕಿಲೋ ಮೇಲೆ ತೂಗುವ ಐದು ಗೆಂಡೆ ಮೀನು ತಂದು ಹಿತ್ತಲಲ್ಲಿ ಸುರುವಿದ್ದ. ಬಲೆ ಬೆಳವಣಕಿಯ ಗೆಳೆಯನದು. ಅದನ್ನು ಮುಟ್ಟಿಸಿ ಬರಲು ಮತ್ತೆ ಗಾಡಿ ಹತ್ತಿದ್ದ.

ಅಫ್ರೀನ ನರೇಗಲ್ಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಮೀನು ಸ್ವಚ್ಛ ಮಾಡುವುದರಲ್ಲೂ ಅವಳದೊಂದು ಕ್ರಮವಿತ್ತು. ಜಾರದಂತೆ ಬೂದಿ ಹಚ್ಚಿ, ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆಯುವುದು. ಹೊಟ್ಟೆಯನ್ನು ಆಳಕ್ಕೆ ಹೋಗದಂತೆ ಸೀಳುವುದು. ಪಿತ್ತದ ಚೀಲವನ್ನು ಒಡೆಯದೆ ಬಿಡಿಸಿ ಕರಟದಲ್ಲಿಡುವುದು, ಕೋಳಿ ಬೆಕ್ಕು ಮುಟ್ಟದ ಹಾಗೆ ಆಮೇಲೆ ಹೂಳುವುದು. ನಾಲ್ಕು ಮೀನು ಹೀಗೇ ಮುಗಿದಿದ್ದವು. ಅಷ್ಟರಲ್ಲಿ ತೊಟ್ಟಿಲಲ್ಲಿ ಮಗಳು ಸಿಮ್ರಾನ ಎದ್ದು ಅತ್ತಳು.

"ನೀ ಹೋಗು ಬೇಟಿ, ಇದೊಂದು ನಾ ಮಾಡ್ತೀನಿ," ಎಂದು ಅತ್ತೆ ಜಮಾಲಬಿ ಈಳಿಗೆಯ ಮುಂದೆ ಕುಳಿತಿದ್ದಳು. ಕೂಸಿಗೆ ಹಾಲು ಕುಡಿಸಿ ಬರುವಷ್ಟರಲ್ಲಿ ಐದನೆಯ ಮೀನು ತುಂಡಾಗಿ, ತೊಳೆದು, ಬುಟ್ಟಿ ಸೇರಿತ್ತು. ಪಿತ್ತ ಮಾತ್ರ ಕರಟ ಸೇರಿರಲಿಲ್ಲ.

"ಅಮ್ಮಾ, ಇದರ ಪಿತ್ತ ಎಲ್ಲೈತ್ರಿ?"

"ಎಲ್ಲಿರತೈತಿ? ತಿಪ್ಪಿಗೆ ಚೆಲ್ಲೀನಿ. ಪಿತ್ತದ್ದೂ ಹಾಜರಿ ತಗೋತಿ ಏನ? ಇದು ನಿಮ್ಮ ಸಾಲಿ ಅಲ್ಲ, ಬೇಟಿ."

ಜಮಾಲಬಿ ಮುಖ ತಿರುವಿ ಒಳಗೆ ಹೋದಳು. ಡಬ್ಬಿಯ ಮುಚ್ಚಳದ ಸಪ್ಪಳವಾಯಿತು. ಬಾಗಿಲ ಸಂದಿಯಿಂದ ಅಫ್ರೀನ ನೋಡಿದಳು. ಅತ್ತೆ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಮೇಲೆ ಒಂದು ಚಂಬು ನೀರು ಗಟಗಟ ಕುಡಿದಳು. ಸಕ್ಕರೆ ಕಾಯಿಲೆ ಬಂದು ಆರು ವರ್ಷ, ಚಹಾಕ್ಕೂ ಸಿಹಿ ಹಾಕಿಸಿಕೊಳ್ಳದ ಹೆಂಗಸು ಆಕೆ.

ಅಫ್ರೀನಳಿಗೆ ಶುಕ್ರವಾರ ಪಕ್ಕದ ಮನೆಯ ಮಾನವ್ವ ಕಟ್ಟೆಯ ಮೇಲೆ ಕುಳಿತು ಹೇಳಿದ್ದು ನೆನಪಾಯಿತು: "ಮೀನಿನ ಪಿತ್ತ ಬೆಲ್ಲದಾಗ ಇಟ್ಟ ನುಂಗಿದ್ರ ಸಕ್ರಿ ಬ್ಯಾನಿ ಇಳೀತೈತಂತ ಜಮಾಲಬಿ. ಗಜೇಂದ್ರಗಡದ ಸಂತ್ಯಾಗ ಕೇಳಿ ಬಂದೀನಿ. ಕಹಿ ಕಂಡ್ರ ಸಕ್ರಿ ಓಡಬೇಕಲ್ಲ?"

"ಖರೇ ಏನ ಅಫ್ರೀನ?" ಎಂದು ಅತ್ತೆ ಕೇಳಿದ್ದಳು.

ಉತ್ತರಪತ್ರಿಕೆ ತಿದ್ದುತ್ತಿದ್ದ ಅಫ್ರೀನ ತಲೆ ಎತ್ತದೆ "ಹೂಂ" ಅಂದಿದ್ದಳು. ಕೇಳಿಸಿಕೊಳ್ಳದೆ ಅಂದ ಹೂಂ. ಆದರೆ ಆ ಓಣಿಯಲ್ಲಿ ವಿಜ್ಞಾನದ ಟೀಚರ್ ಹೂಂ ಅಂದರೆ ಮಾತಿಗೆ ಮೊಹರು ಬಿದ್ದಂತೆ.

ಗದಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸರ್ ಹೇಳಿದ್ದು ಅವಳಿಗೆ ಅಕ್ಷರಶಃ ನೆನಪಿತ್ತು. ಗೆಂಡೆಯ ಪಿತ್ತ ವಿಷ, ಬೇಯಿಸಿದರೂ ಹೋಗದ ವಿಷ. ನುಂಗಿದ ಕೆಲವು ತಾಸಿನಲ್ಲಿ ವಾಂತಿ ಭೇದಿ. ಅದು ನಿಂತಿತು, ಆರಾಮಾಯಿತು ಅನ್ನುವಷ್ಟರಲ್ಲಿ ಮೂತ್ರ ಕಟ್ಟುತ್ತದೆ. ಆಗ ಮೂತ್ರಪಿಂಡಗಳು ಸೋತಿರುತ್ತವೆ.

ಅವಳು ತಿಪ್ಪೆಗೆ ಓಡಿ ಕಡ್ಡಿಯಿಂದ ಕೆದರಿದಳು. ಹುರುಪೆ ಸಿಕ್ಕಿತು, ಕಿವಿರು ಸಿಕ್ಕಿತು, ಕರುಳೂ ಸಿಕ್ಕಿತು. ಹಸಿರು ಚೀಲ ಸಿಗಲಿಲ್ಲ.

"ಅಮ್ಮಾ, ಖರೇ ಹೇಳ್ರಿ, ಪಿತ್ತ ನುಂಗೀರೇನ್ರಿ? ನಾ ಅವತ್ತು ಹೂಂ ಅಂದಿದ್ದು ತಪ್ಪ್ರಿ. ಅದು ವಿಷ."

"ಏನೂ ನುಂಗಿಲ್ಲ. ಎಣ್ಣಿ ಇಡು, ಹಸಿವಾಗೈತಿ," ಅಂದಳು ಜಮಾಲಬಿ. ಅಂದದ್ದು ಗೋಡೆ ನೋಡುತ್ತ.

ಹೋದ ವರ್ಷ ಗುಳಿಗೆ ನುಂಗಿದೆನೆಂದು ಹೇಳಿ ಹೇಳಿ ಎರಡು ತಿಂಗಳ ಗುಳಿಗೆಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟವಳ ಮಾತನ್ನು ಹೇಗೆ ನಂಬುವುದು? ಅಫ್ರೀನ ಹಿತ್ತಲಿಗೆ ಬಂದು ಸಾಜೀದನಿಗೆ ಫೋನು ಮಾಡಿದಳು.

"ಲಗೂ ಬರ್ರಿ. ಅಮ್ಮಾನ್ನ ದವಾಖಾನಿಗೆ ಒಯ್ಯಬೇಕು. ಮೀನಿನ ಪಿತ್ತ ನುಂಗ್ಯಾರ ಅನಸತೈತಿ."

"ಇನ್ನ ಅರ್ಧ ತಾಸಿನ್ಯಾಗ ಬರ್ತೀನಿ. ನೀ ಅಲ್ಲೇ ಇರು, ಆಕಿನ್ನ ಬಿಟ್ಟು ಎಲ್ಲೂ ಹೋಗಬ್ಯಾಡ."

ಉಣ್ಣದೆ ಎಲ್ಲಿಗೂ ಏಳುವುದಿಲ್ಲವೆಂದು ಜಮಾಲಬಿ ಒಲೆಯ ಪಕ್ಕದಲ್ಲೇ ಮಣೆ ಹಾಕಿ ಕುಳಿತಳು. ಕಣ್ಣೆದುರು ಇರುತ್ತಾಳಲ್ಲ ಎಂದು ಅಫ್ರೀನ ತವೆಗೆ ಕುಸುಬಿ ಎಣ್ಣೆ ಬಿಟ್ಟಳು. ಬಳ್ಳೊಳ್ಳಿ, ಖಾರಪುಡಿ, ಅರಿಶಿನ, ಹುಣಸೆ ರಸ ಮೆತ್ತಿದ ತುಂಡುಗಳು ಎಣ್ಣೆಗೆ ಬಿದ್ದು ಚುರ್ ಎಂದವು. ಮನೆ ತುಂಬ ಘಮಘಮ; ಅವಳು ಮಾತ್ರ ಗಡಿಯಾರ ನೋಡುತ್ತಿದ್ದಳು. ಹನ್ನೊಂದಕ್ಕೆ ನುಂಗಿದ್ದರೆ ಮಧ್ಯಾಹ್ನ ಒಂದು ಎರಡರ ಹೊತ್ತಿಗೆ ವಾಂತಿ. ನರೇಗಲ್ಲಿನಲ್ಲಿ ಆಗದಿದ್ದರೆ ಗದಗ. ಅತ್ತೆ ಒಮ್ಮೆ ಕೆಮ್ಮಿದಳು. ಅಫ್ರೀನ ಸೌಟು ಬಿಟ್ಟು ಅವಳ ಕಡೆ ತಿರುಗಿದಳು.

"ಹೊಗಿಗೆ ಕೆಮ್ಮಿದೆ. ಹೊತ್ತಸಬ್ಯಾಡ," ಅಂದಳು ಜಮಾಲಬಿ. ಆಮೇಲೆ ಬುಟ್ಟಿಯ ಒಂದು ಮೂಲೆಯಲ್ಲಿ ಬೇರೆಯಾಗಿಟ್ಟಿದ್ದ ತುಂಡುಗಳನ್ನು ಮುಂದೆ ಸರಿಸಿದಳು. "ಇವು ನನಗ. ಯಾರ ತಾಟಿಗೂ ಹಾಕಬ್ಯಾಡ."

ಅಫ್ರೀನ ಆ ಮಾತಿಗೂ ಬೆಚ್ಚಿದಳು. ಒಳ್ಳೆಯ ತುಂಡು ಮಗನಿಗೆ, ಬಾಲ ತನಗೆ ಅನ್ನುವ ಅತ್ತೆ, ಇವತ್ತು ಒಂದಿಡೀ ಮೀನು ತನಗೇ ಬೇಕೆನ್ನುತ್ತಿದ್ದಾಳೆ.

ಅವನ್ನು ಹುರಿದು ಅತ್ತೆಯ ತಾಟಿಗೆ ಹಾಕುವಷ್ಟರಲ್ಲಿ ಹೊರಗೆ ಗಾಡಿಯ ಸದ್ದಾಯಿತು. ಸಾಜೀದ ಅಂಗಳದಿಂದಲೇ ಕೂಗಿದ: "ಅಮ್ಮಾ, ನಡಿ!"

"ಎರಡ ತುತ್ತ ತಿಂದ ಬರ್ತೀನಿ," ಎಂದು ಜಮಾಲಬಿ ತುಂಡೊಂದನ್ನು ಮುರಿದು ಬಾಯಿಗಿಟ್ಟಳು. ಅವಳ ಮುಖ ಹಿಂಡಿದ ಬಟ್ಟೆಯಂತಾಯಿತು. ಆದರೂ ಅಗಿಯುತ್ತಲೇ ಇದ್ದಳು.

ಅಫ್ರೀನ ಅದೇ ತುಂಡಿನ ಒಂದು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು. ಬೇವನ್ನೇ ಅರೆದು ಹಚ್ಚಿದಂಥ ಕಹಿ. ಥೂ ಎಂದು ಉಗುಳಿ ತಾಟು ಕಸಿದುಕೊಂಡಳು.

"ಉಗುಳ್ರಿ ಅಮ್ಮಾ, ಉಗುಳ್ರಿ! ಒಡೀತೇನ್ರಿ ಪಿತ್ತ?"

ಜಮಾಲಬಿ ಉಗುಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಲವತ್ತ ವರ್ಷದಾಗ ಒಂದ ಪಿತ್ತ ಒಡದಾಕಿ ಅಲ್ಲ ನಾ," ಅಂದಳು. "ಇವತ್ತು ಕಾಣಲಿಲ್ಲ ಬೇಟಿ. ಕೈಗೆ ಏನೋ ಹಸಿ ಹತ್ತಿತು. ಬೆರಳ ನೆಕ್ಕಿ ನೋಡಿದೆ, ಕಹಿ. ಬಾಯಿ ಕೆಟ್ಟಿತು ಅಂತ ಬೆಲ್ಲ ತಿಂದೆ. ತೊಳದ್ರ ಹೋಗತೈತಿ, ಹುರದ್ರ ಹೋಗತೈತಿ ಅನಕೊಂಡೆ. ಹೋಗದಿದ್ರ ನಾನ ತಿಂದಬಿಡೂಣು, ಯಾರಿಗೂ ತಿಳಿಯೂದು ಬ್ಯಾಡ ಅಂತ..."

ನುಂಗಿಲ್ಲ. ಐದಕ್ಕೆ ಐದೂ ಪಿತ್ತ ಲೆಕ್ಕಕ್ಕೆ ಸಿಕ್ಕವು. ಅಫ್ರೀನ ಗೋಡೆಗೆ ಒರಗಿ ಉಸಿರು ಬಿಟ್ಟಳು. ನಾಲಿಗೆಯ ಮೇಲಿನ ಆ ಕಹಿಗೆ ಶುಕ್ರಿಯಾ ಹೇಳಬೇಕೆನಿಸಿತು. ಆದರೆ ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು.

"ಎಂದಿನಿಂದ ಕಾಣವಲ್ದು, ಅಮ್ಮಾ?"

"ಈದ್ ಚಂದ್ರನ್ನ ನೋಡಾಕ ಎಲ್ಲಾರೂ ಮಾಳಿಗಿ ಹತ್ತಿದ್ರಲ್ಲ? ಸಾಜೀದ ಬೆರಳು ಮಾಡಿ ತೋರಿಸಿದ. ನಾನೂ ಕಂಡೆ ಅಂದೆ." ಜಮಾಲಬಿ ದನಿ ತಗ್ಗಿಸಿದಳು. "ಕಂಡಿದ್ದಿಲ್ಲ."

ಸಾಜೀದ ಬಾಗಿಲಲ್ಲಿ ಬಂದು ನಿಂತಿದ್ದ. ತಾಯಿ ಹೇಳಿದ್ದನ್ನು ಅವನೂ ಕೇಳಿದ್ದ. "ನುಂಗಿಲ್ಲಂದ್ರ ಈಗ ದವಾಖಾನಿ ಬ್ಯಾಡಲ್ಲ? ಗಾಡಿ ಬಂದ್ ಮಾಡಲಿ?" ಎಂದ, ದವಾಖಾನೆ ಬೇಡ ಅನ್ನಲಿ ಎಂಬಂತೆ.

ಅಫ್ರೀನ ಒಲೆ ಆರಿಸಿದಳು. ಅತ್ತೆಯ ಕೈ ಹಿಡಿದು ಎಬ್ಬಿಸುವಾಗ, ಆ ಕೈ ಹೊಸ್ತಿಲನ್ನು ತಡವಿ ಹುಡುಕುವುದು ಅವಳಿಗೆ ಮೊದಲ ಸಲ ಕಂಡಿತು.

"ಬಂದ್ ಮಾಡಬ್ಯಾಡ್ರಿ," ಅಂದಳು.