ಮೇಣದಡಿಯ ಕೇರಿ

ಮೇಣ ಬೆವರುತ್ತಿದೆ, ಕಿಟಕಿಯ ಬಿಸಿಲು ಬಿದ್ದಲ್ಲೆಲ್ಲ ನಕ್ಷೆಯ ಮೇಲಿನ ಹಸಿರು ಗೆರೆ ಹಸಿಹಸಿಯಾಗಿ ಹೊಳೆಯುತ್ತಿದೆ, ಕದನ ನಿಂತ ಮೇಲೆ ನಮ್ಮವರೂ ಜೋರ್ಡಾನಿನವರೂ, ಎರಡೂ ಸೇನೆಯ ಅಧಿಕಾರಿಗಳು ಕಾಫಿ ಕುಡಿಯುತ್ತ ಎಳೆದ ಗೆರೆ, ಮೇಣದ ಪೆನ್ಸಿಲ್ಲಿನ ಮೊನೆ ಮೊಂಡಾಗಿದ್ದನ್ನು ಅವರು ನೋಡಲಿಲ್ಲ, ಓವದ್ಯಾ ನೋಡುತ್ತಾನೆ, ನಕ್ಷೆಗಾರನಿಗೆ ಸಂಬಳ ಬರುವುದೇ ನೋಡುವುದಕ್ಕೆ — ದಪ್ಪ ಮೂರು ಮಿಲಿಮೀಟರು, ನೆಲದ ಮೇಲೆ ಅರವತ್ತು ಮೀಟರು, ಆ ಅರವತ್ತು ಮೀಟರಿನ ಕೆಳಗೆ ಬೇತ್ ಅಲ್ಲೋಜ್ ಊರಿನ ಒಂದು ಕೇರಿಯೇ ಮುಚ್ಚಿಹೋಗಿದೆ, ಆ ಕೇರಿಯಲ್ಲಿ ಕಲ್ಲುಕುಟಿಗ ಅಬು ದಾಹೆರನ ಮನೆ, ಅದರ ಹಿಂದಿನ ಬಾಡಿಗೆ ಕೋಣೆಯಲ್ಲಿ ಓವದ್ಯಾ ಹುಟ್ಟಿದ್ದು. ಈಗ ಈ ಗೆರೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿ ಮುದ್ರಣಕ್ಕೆ ಕೊಡಬೇಕು, ಇಂದೇ ಶುಕ್ರವಾರ, ಹೊತ್ತು ಮುಳುಗಿ ಸಬ್ಬತ್ತಿನ ವಿಶ್ರಾಂತಿ ಹುಟ್ಟುವ ಮೊದಲು, ಗೆರೆಯ ಹೊರಗಿನ ಅಂಚು ಹಿಡಿಯೋ ಎಂದು ಬೆಳಿಗ್ಗೆಯೇ ಹೇಳಿಹೋದ ಮೇಲಧಿಕಾರಿ ಲಂಡಾವ್, ಮೂರು ಸಾವಿರ ವರ್ಷದಿಂದ ನಮ್ದೇ ನೆಲ ಕಣಯ್ಯಾ, ಪೆನ್ಸಿಲ್ ದಪ್ಪಕ್ಕೂ ಯಾರ ಅಪ್ಪಣೆ ಕೇಳ್ಬೇಕು, ಯೆಹೂದ ಕುಲದ ಪಾಲು ಎಲ್ಲಿ ಮುಗೀತು ಬೆನ್ಯಾಮೀನ ಕುಲದ್ದು ಎಲ್ಲಿ ಶುರುವಾಯ್ತು ಅಂತ ನಿಮ್ಮಪ್ಪ ಶಾಸ್ತ್ರದಿಂದ ಬಾಯಿಪಾಠ ಹೇಳ್ತಿದ್ನಂತಲ್ಲ — ಹೇಳುತ್ತಿದ್ದ, ಆ ಗಡಿ ಒರತೆಯಿಂದ ಒರತೆಗೆ ನಡೆಯುತ್ತಿತ್ತು, ಯಾರ ಒಲೆಯನ್ನೂ ತುಳಿಯುತ್ತಿರಲಿಲ್ಲ, ಎಂದು ಓವದ್ಯಾ ಬಾಯಿಬಿಡಲಿಲ್ಲ, ಬಿಟ್ಟಿದ್ದರೆ ಉತ್ತರ ಗೊತ್ತೇ ಇದೆ, ನೀವು ಯೆಮೆನಿನವರ ಕೈ ಬಂಗಾರ, ತಲೆಗ್ಯಾಕೆ ಕೆಲಸ ಕೊಡ್ತೀಯಾ.

ಅಪ್ಪ ಯಹ್ಯಾ, ಯೆಮೆನಿನಿಂದ ಬಂದ ಯೆಹೂದಿ, ಬೆಳ್ಳಿ ಕೆಲಸದವನು, ಮೂರು ಸಾವಿರ ವರ್ಷ ಬಾಯಿಪಾಠವಿದ್ದರೂ ಅಪ್ಪಣೆ ಕೇಳುತ್ತಿದ್ದ, ಧರ್ಮದ ಕಟ್ಟಳೆಯಂತೆ ಸಬ್ಬತ್ತಿನ ದಿನ ಪರರ ಅಂಗಳದಲ್ಲಿ ಒಂದು ತಟ್ಟೆ ಹಿಡಿದೂ ದಾಟುವಂತಿಲ್ಲ, ಅಂಗಳವನ್ನು ಒಡೆಯನಿಂದ ಬಾಡಿಗೆಗೆ ಪಡೆದಿರಬೇಕು, ಅದಕ್ಕೆ ವರ್ಷಕ್ಕೊಮ್ಮೆ ಒಂದು ಪುಟ್ಟ ನಾಣ್ಯ, ಅಬು ದಾಹೆರ್ ಸುಣ್ಣ ಮೆತ್ತಿದ ಬೆರಳಲ್ಲಿ ಅದನ್ನು ತಿರುಗಿಸಿ ನೋಡಿ ಹೆಂಡತಿಯನ್ನು ಕೂಗುತ್ತಿದ್ದ, ಏ ಇವಳೇ, ಅಂಗಳ ಕೊಟ್ಟುಬಿಟ್ಟೆ ಕಣೇ, ಇನ್ಮೇಲೆ ಓವದ್ಯಾನ ಅಪ್ಪನ್ನ ಕೇಳಿ ಕೋಳಿ ಬಿಡು — ಉಮ್ಮ್ ದಾಹೆರ್ ಒಳಗಿಂದಲೇ, ಅಂಗಳ ಅವ್ರದಾದ್ರೆ ಕಸಾನೂ ಅವ್ರೇ ಗುಡಿಸ್ಲಿ, ಸೊಂಟ ಬಿದ್ದೋಯ್ತು ನಂದು. ಆ ಅಂಗಳವೂ ಈಗ ಮೇಣದಡಿ. ಹೊರಗಿನ ಅಂಚು ಹಿಡಿದರೆ ಕೇರಿ ನಮ್ಮದು, ನಮ್ಮದಾದ ಕೇರಿಗಳನ್ನು ಓವದ್ಯಾ ಕಂಡಿದ್ದಾನೆ, ಬಾಗಿಲ ಮೇಲೆ ಹೊಸ ನಂಬರು, ಒಲೆಯ ಮೇಲೆ ಓಡಿಹೋದವರ ಪಾತ್ರೆ. ಒಳಗಿನ ಅಂಚು ಹಿಡಿದರೆ ಜೋರ್ಡಾನಿನದು, ಆಗ ದ್ರೋಹಿ ಓವದ್ಯಾ. ಹಾಗಾಗಿ ನಡು, ಬ್ರಿಟಿಷರ ಕಾಲದಲ್ಲಿ ಕಲಿತ ಪಾಠ, ದಪ್ಪ ಗೆರೆಗೆ ನಡುವೇ ನ್ಯಾಯ, ಅತ್ತ ಒಂದೂವರೆ ಇತ್ತ ಒಂದೂವರೆ, ನಕ್ಷೆಯ ಮೇಲೆ ಹಾಸಿದ ಪಾರದರ್ಶಕ ತೆಳುಬಟ್ಟೆಯಲ್ಲಿ ಉಸಿರು ಬಿಗಿಹಿಡಿದು ಮಸಿ ಎಳೆಯುತ್ತಾನೆ, ಎರಡು ಅಂಚುಗಳನ್ನಷ್ಟೇ ನೋಡುತ್ತಾನೆ, ಎಂಥ ಹದವಾದ ಕೈ, ಯಾರೂ ಬೆರಳು ತೋರಿಸುವಂತಿಲ್ಲ.

ಬಟ್ಟೆಯನ್ನೆತ್ತಿ ಮೇಣವಿಲ್ಲದ ಹಳೆಯ ಹಾಳೆಯ ಮೇಲಿಟ್ಟು ತಾಳೆ ನೋಡುತ್ತಾನೆ — ಚೌಕ, ಅದು ಅಬು ದಾಹೆರನ ಮನೆ, ಸೊನ್ನೆ, ಅದು ಅವರ ಬಾವಿ, ನಡುವೆ ಅವನ ಗೆರೆ. ಅಡುಗೆಮನೆಯಿಂದ ಬಾವಿಗೆ ಹದಿನೆಂಟು ಹೆಜ್ಜೆ, ಉಮ್ಮ್ ದಾಹೆರಳ ತಗಡಿನ ಬಕೆಟ್ಟು ಬಾವಿಯ ಕಲ್ಲಿಗೆ ಬಡಿಯುತ್ತ ಇಳಿಯುತ್ತಿತ್ತು, ಈಗ ಒಂಬತ್ತನೆಯ ಹೆಜ್ಜೆಗೆ ಬೇರೆ ದೇಶ. ಬ್ಲೇಡು ಎಲ್ಲಿ, ಸಿಕ್ಕಿತು, ಕೆರೆದರೆ ಮಸಿ ಹೋಗುತ್ತದೆ, ಎತ್ತ ಸರಿಸಲಿ, ಅತ್ತ ಒಂದೆಳೆ ಸರಿದರೆ ಎರಡೂ ನಮ್ಮದು, ಇತ್ತ ಸರಿದರೆ ಎರಡೂ ಅವರದು, ಯಾವುದಾದರೂ ಒಂದು, ಬೇಗ — ಬಕೆಟ್ಟು ಕಲ್ಲಿಗೆ ಬಡಿಯುತ್ತಿದೆ — ಆಯ್ತೇನಯ್ಯಾ, ಲಂಡಾವ್ ಬಂದು ನಿಂತಿದ್ದಾನೆ, ಓಹೋ, ನಡುವೆ ಎಳೆದ್ಯಾ, ನಿನ್ನ ಬುದ್ಧಿಗಿಷ್ಟು, ಹೋಗ್ಲಿ, ಮನೆ ಅತ್ತ ಹೋದ್ರೂ ಬಾವಿ ನಮ್ಮ ಕಡೆ ಬಂತಲ್ಲ, ಸಾಕು. ಸಾರ್, ಆ ಬಾವಿ. ಏನು ಬಾವಿ? ಏನಿಲ್ಲ ಸಾರ್. ಬಟ್ಟೆ ಸುರುಳಿಯಾಗಿ ಲಂಡಾವನ ಬಗಲು ಸೇರಿತು, ಮೆಟ್ಟಿಲು ಇಳಿಯಿತು, ಓವದ್ಯಾನ ಕೈಯಲ್ಲಿ ಬ್ಲೇಡು ಹಾಗೇ ಇದೆ, ಈ ಹೊತ್ತಿಗೆ ಉಮ್ಮ್ ದಾಹೆರ್ ನೀರಿಗೆ ಬಂದಿರುತ್ತಾಳೆ, ಹಗ್ಗ ಅಂಗೈಯಲ್ಲಿ, ಬಕೆಟ್ಟು ಕೆಳಗೆ ತುಂಬಿದೆ, ಅವಳು ಸೇದುತ್ತಾಳೆ, ಕಲ್ಲಿಗೆ ಬಡಿಯುತ್ತ, ಬಕೆಟ್ಟು, ಅರ್ಧಕ್ಕೆ ಬಂದಿದೆ, ಅರ್ಧದಲ್ಲಿ, ತುಂಬಿದ ಬಕೆಟ್ಟು —