ಮಂಡಿಗೆ ಹಚ್ಚಿದ ಎರಡು ಮುಲಾಮು

ಉಪದೇಶ ಮಾಡುವುದು ನನಗೆ ಮೊದಲಿನಿಂದಲೂ ಇರುವ ಚಟ. ಧಾರವಾಡದಿಂದ ನಾಸಿಕ್ ರೋಡಿನ ಬ್ಯಾಂಕಿಗೆ ವರ್ಗವಾಗಿ ಬಂದ ಮೇಲೂ ಅದು ಬಿಡಲಿಲ್ಲ. ಸಾಲದ್ದಕ್ಕೆ ಇಲ್ಲಿ ಮೊಣಕೈ ಮಡಿಕೆಯಲ್ಲಿ ಒಂದು ತುರಿಕೆ ಅಂಟಿಕೊಂಡಿತು. ಚರ್ಮದ ಡಾಕ್ಟರು ಎರಡು ಟ್ಯೂಬು ಬರೆದುಕೊಟ್ಟರು. ಒಂದು ಸ್ಟೀರಾಯ್ಡ್, ಕೆಂಪು ಇಳಿಸಲಿಕ್ಕೆ. ಇನ್ನೊಂದು ಚರ್ಮಕ್ಕೆ ಜೋಮು ಹಿಡಿಸಲಿಕ್ಕೆ, ಕೆರೆಯುವ ಕೈ ಸುಮ್ಮನಿರಲೆಂದು. ಎರಡನ್ನೂ ಕಡಲೆಕಾಳಿನಷ್ಟು ಹಿಂಡಿ, ಕೂಡಿಸಿ ಹಚ್ಚಿ, ಐದೇ ದಿನ ಎಂದರು. ಇನ್ನೂ ಏನೇನೋ ಹೇಳಿದರು. ಮೂರನೆಯ ದಿನಕ್ಕೇ ತುರಿಕೆ ನಿಂತಿತು, ಉಳಿದ ಮಾತು ನನಗೆ ಬೇಕಾಗಲಿಲ್ಲ.

ನಮ್ಮ ಮನೆಗೆಲಸದ ನೀಲಾಂಬಿಕಾ ಇಂಡಿ ಕಡೆಯವಳು. ಅವಳ ಗಂಡ ಸೋಮಲಿಂಗ ಗೌಂಡಿ; ಎರಡು ತಿಂಗಳಿಂದ ಸಂಭಾಜಿನಗರದ ಹತ್ತಿರದ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಯೊಂದರ ನೆಲ ಮಾಡುತ್ತಿದ್ದ. ಹಸಿ ಸಿಮೆಂಟಿನಲ್ಲಿ ದಿನವಿಡೀ ಮಂಡಿಯೂರಿ, ಕರಣೆಯಿಂದ ತೀಡುತ್ತ ಹಿಂದಕ್ಕೆ ಸರಿಯುವ ಕೆಲಸ. ಮಂಡಿಯೆಲ್ಲ ತುರಿಕೆ, ಕೆರೆದು ಕೆರೆದು ಹುಣ್ಣು ಎಂದು ಅವಳು ಹೇಳಿದಳು.

“ತಗೋ, ಇವನ್ನ ಕಳಸು. ಎರಡೂ ಕೂಡಿಸಿ ಹಚ್ಚಿಕೋ ಅಂತ ಹೇಳು. ಕೈಯಿಟ್ಟಂಗ ನಿಲ್ಲತದ!”

ಅರ್ಧ ಉಳಿದಿದ್ದ ಟ್ಯೂಬುಗಳನ್ನು ನಾನೇ ಅವಳ ಕೈಗಿಟ್ಟೆ. ಆ ದಿನವೆಲ್ಲ ನನಗೆ ನನ್ನ ಮೇಲೇ ಮೆಚ್ಚುಗೆ.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಪಾತ್ರೆ ತಿಕ್ಕುತ್ತ ನೀಲಾಂಬಿಕಾ ಸುದ್ದಿ ಹೇಳಿದಳು.

“ತುರಿಕಿ ಪೂರಾ ನಿಂತೈತಂತ್ರಿ ಅಕ್ಕಾರ. ಮಂಡಿ ಕಟ್ಟಿಗಿ ಆದಂಗ ಆಗ್ಯಾವಂತ, ಏನೂ ಗೊತ್ತಾಗಂಗಿಲ್ಲಂತ. ಖಾಲಿ ಟ್ಯೂಬ್ ತೋರಿಸಿ ಮೆಡಿಕಲ್‌ನಾಗ ಮತ್ತ ತಗೊಂಡಾರ. ಮುಲಾಮು ಒರಸಿ ಹೋಗಬಾರದಂತ ಮ್ಯಾಲ ಪ್ಲಾಸ್ಟಿಕ್ ಚೀಲ ಕಟಗೊಂಡು ಕೆಲಸಕ್ಕ ಕುಂದರತಾರ.”

ಡಾಕ್ಟರ ಉಳಿದ ಮಾತು ಆಗ ನೆನಪಾಯಿತು. ಹುಣ್ಣಿದ್ದ ಕಡೆ ಹಚ್ಚಬೇಡಿ, ಮೇಲೆ ಏನೂ ಕಟ್ಟಬೇಡಿ. ಹಸಿ ಸಿಮೆಂಟು ಚರ್ಮ ಸುಡುತ್ತದೆ. ಸುಟ್ಟರೆ ಉರಿಯುತ್ತದೆ, ಉರಿದರೆ ಮನುಷ್ಯ ಎದ್ದು ಹೋಗಿ ಕಾಲು ತೊಳೆಯುತ್ತಾನೆ. ಇವನಿಗೆ ಉರಿಯೇ ತಿಳಿಯದಂತೆ ಮಾಡಿದವಳು ನಾನು.

ಫೋನು ಮಾಡಿದೆವು. ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅದು ಅಂಗಿಯ ಜೇಬಿನಲ್ಲಿ, ಅಂಗಿ ಎಲ್ಲೋ ಸರಳಿನ ಮೇಲೆ. ಬ್ಯಾಂಕಿಗೆ ರಜೆ ಹೇಳಿ ಸಂಭಾಜಿನಗರಕ್ಕೆ ಎಂಟರ ಬಸ್ಸು ಹತ್ತಿದೆವು. ದಾರಿಯಲ್ಲಿ ಯೇವಲಾದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಕಂಡಕ್ಟರನ ಮೇಲೆ ಹರಿಹಾಯ್ದೆ. ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ಫೋನು ಮಾಡಿದೆ. ನಿಂತೇ ಹೋಗಿದ್ದ ನನ್ನ ಮೊಣಕೈ ತುರಿಕೆ ಮತ್ತೆ ಶುರುವಾಯಿತು, ರಕ್ತ ಬರುವಂತೆ ಕೆರೆದೆ. ನೀಲಾಂಬಿಕಾ ಒಂದೇ ಸಲ ಬಾಯಿಬಿಟ್ಟಳು.

“ಅಕ್ಕಾರ, ನೀವೂ ಅದನ್ನ ಹಚಗೊಂಡಿದ್ದಿರಲ್ಲ, ನಿಮಗೇನೂ ಆಗಲಿಲ್ಲಲ್ರೀ?”

ನಾನು ಹಚ್ಚಿಕೊಂಡು ಫ್ಯಾನಿನ ಕೆಳಗೆ ಕುಳಿತಿದ್ದೆ.

ಮಧ್ಯಾಹ್ನ ಬಿಡಕಿನ್‌ನ ಕಾರ್ಖಾನೆ ಶೆಡ್ಡಿನಲ್ಲಿ, ಹಸಿ ನೆಲದ ಮೇಲೆ ಮಂಡಿಯೂರಿದ್ದ ಸೋಮಲಿಂಗ ನಮ್ಮನ್ನು ಕಂಡು ನಕ್ಕ. “ಏನ್ರಿ ಅಕ್ಕಾರ, ಇಷ್ಟ ದೂರ? ಇದೊಂದು ಪಟ್ಟಿ ತೀಡಿ ಬಂದೆ. ಬಿಟ್ರ ಸಿಮೆಂಟ್ ಬಿಗದ ಬಿಡತೈತಿ.”

“ಎದ್ದು ಬಾ ಮೊದಲ!” ಎಂದು ನಾನು ಕಿರುಚಿದ್ದಕ್ಕೆ ಇಡೀ ಶೆಡ್ಡಿನ ಕೆಲಸ ನಿಂತಿತು.

ಪ್ಲಾಸ್ಟಿಕ್ಕು ಬಿಚ್ಚಿದಾಗ ಒಳಗೆ ಸಿಮೆಂಟಿನ ನೀರು ಇಳಿದು ನಿಂತಿತ್ತು. ಬಲ ಮಂಡಿ ಹಸಿ ಮಾಂಸದಂತೆ ಕೆಂಪಗಿತ್ತು. ಎಡ ಮಂಡಿಯ ನಡುವೆ ಚರ್ಮ ಬೂದಿ ಬಣ್ಣಕ್ಕೆ ತಿರುಗಿ, ಅಂಚು ಕಪ್ಪಾಗಿತ್ತು. ನೀಲಾಂಬಿಕಾ ಕೊಡಗಟ್ಟಲೆ ನೀರು ಸುರಿದಳು. “ನೋವ ಇಲ್ಲ, ಸುಮ್ನ ಯಾಕ ಹೆದರತೀರಿ?” ಎಂದು ಅವನೇ ನಮ್ಮನ್ನು ಸಮಾಧಾನ ಮಾಡುತ್ತಿದ್ದ.

ಸಂಭಾಜಿನಗರದ ಆಸ್ಪತ್ರೆಯ ಡಾಕ್ಟರು ಮರಾಠಿಯಲ್ಲಿ ಹೇಳಿದರು, ನಾನು ಕನ್ನಡ ಮಾಡಿದೆ. ಸಂಜೆ ಐದರ ಹೊತ್ತಿಗೆ ಮುಲಾಮಿನ ಜೋಮು ಇಳಿಯುತ್ತದೆ. ಆಮೇಲೆ ಸೂಜಿ ಚುಚ್ಚಿ ನೋಡುವುದು. ನೋವಾದರೆ ಚರ್ಮ ಬದುಕಿದೆ, ತಾನಾಗಿ ಮಾಯುತ್ತದೆ. ಆಗದಿದ್ದರೆ ಸತ್ತದ್ದನ್ನು ಕತ್ತರಿಸಿ ತೆಗೆದು, ತೊಡೆಯ ಚರ್ಮ ತಂದು ಹಚ್ಚಬೇಕು. ಹಾಗಾದರೆ ಮಂಡಿಯೂರಿ ಮಾಡುವ ಕೆಲಸವನ್ನು ಬಹುಶಃ ಮರೆಯಬೇಕು.

“ಮತ್ತ ಯಾವ ಕೆಲಸ ಬರತೈತ್ರಿ ನನಗ?” ಎಂದ ಸೋಮಲಿಂಗ. ಅದನ್ನು ನಾನು ಮರಾಠಿ ಮಾಡಲಿಲ್ಲ.

ಐದರ ತನಕ ನಾನು ಆ ವರಾಂಡದಲ್ಲಿ ಎಷ್ಟು ಸಲ ಓಡಾಡಿದೆನೋ. ಒಬ್ಬ ಮನುಷ್ಯನಿಗೆ ನೋವಾಗಲಿ ಎಂದು ದೇವರಿಗೆ ಹರಕೆ ಹೊತ್ತದ್ದು ಅದೇ ಮೊದಲು. ನೀಲಾಂಬಿಕಾ ಎರಡು ನಿಮಿಷಕ್ಕೊಮ್ಮೆ “ತುರಸತೈತೇನು? ಉರೀತೈತೇನು?” ಎಂದು ಕೇಳುತ್ತಿದ್ದಳು. ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ಅವನ ನಗು ನಿಂತಿತ್ತು.

ಐದೂಕಾಲಿಗೆ ಡಾಕ್ಟರು ಬಂದು ಕಣ್ಣು ಮುಚ್ಚು ಎಂದರು. ನಾನು ಹೇಳಿದೆ, ಅವನು ಮುಚ್ಚಿದ. ಬಲ ಮಂಡಿಗೆ ಸೂಜಿ ತಾಗಿತು.

“ಅಯ್ಯಯ್ಯೋ ಅವ್ವಾ!”

ನೀಲಾಂಬಿಕಾ ಅಳುತ್ತಲೇ ನಕ್ಕುಬಿಟ್ಟಳು. ನಾನೂ ನಕ್ಕೆ. ಆ ನಗು ಅವನ ಕಿವಿಗೂ ಬಿದ್ದಿರಬೇಕು.

ಡಾಕ್ಟರು ಎಡಗಡೆಗೆ ಬಂದು, ಸೂಜಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸತೊಡಗಿದರು.

“ಅವ್ವಾ! ನೋವಾತ್ರಿ, ಭಾಳ ನೋವಾತ್ರಿ,” ಎಂದ ಸೋಮಲಿಂಗ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ.

ಏನಂತಾನೆ ಎಂದು ಡಾಕ್ಟರು ನನ್ನನ್ನು ಕೇಳಿದರು. ಸೂಜಿ ಇನ್ನೂ ಅವರ ಕೈಯಲ್ಲೇ ಇತ್ತು, ಎಡ ಮಂಡಿಗೆ ತಾಗಿರಲೇ ಇಲ್ಲ.